ಎರಡು ಸಲ ಮುಳುಗಿದ ಗೋಧಿ

ಚೆನ್ನೈನಲ್ಲಿ ಗೋಧಿ ಬೆಳೆಯುತ್ತೇನೆ ಎಂದಾಗ ನನ್ನ ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮಾತು ಮುಗಿಯಿತು ಎಂದು ಅವರ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಭತ್ತ ತಗೋಮ್ಮಾ," ಎಂದರು. "ಒಂದು ಗಂಟೆ ಬಸ್ಸಲ್ಲಿ ಹೋದರೆ ಗದ್ದೆ ಸಿಗುತ್ತೆ. ಗೋಧಿಗೆ ಚಳಿ ಬೇಕು. ನಮ್ಮೂರಲ್ಲಿ ಚಳಿ ಅಂದರೆ ಫ್ಯಾನನ್ನು ನಾಲ್ಕರಿಂದ ಎರಡಕ್ಕೆ ಇಳಿಸೋದು, ಅಷ್ಟೇ."

"ಭತ್ತ ನೀರಲ್ಲೇ ನಿಂತು ಬೆಳೆಯುತ್ತೆ ಮೇಡಂ. ನೀರು ನಿಂತರೆ ಯಾವುದಕ್ಕೆ ಕಷ್ಟವೋ ಅದು ನನಗೆ ಬೇಕು. ಡಿಸೆಂಬರ್, ಜನವರಿ ಎರಡು ತಿಂಗಳು ಸಿಕ್ಕರೆ ಸಾಕು. ಕಾಳು ಕಟ್ಟದಿದ್ದರೂ ಪರವಾಗಿಲ್ಲ, ಎಲೆ ಸಿಗುತ್ತೆ."

ನನಗೆ ಆಗ ನಲವತ್ತೊಂದು. ಕಾಲೇಜೊಂದರಲ್ಲಿ ಹದಿನೈದು ವರ್ಷದಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಪಿಎಚ್‌ಡಿ ಮಾಡಬೇಕೆಂಬ ಆಸೆ ಬಹಳ ವರ್ಷದ್ದು. ಆದರೆ ಈ ವಿಷಯ ಬಂದದ್ದು ಆಸೆಯಿಂದಲ್ಲ, ಒಂದು ಪ್ರಶ್ನೆಯಿಂದ. ಪ್ರಾಕ್ಟಿಕಲ್ ತರಗತಿಗೆಂದು ಟ್ರೇಯಲ್ಲಿ ಗೋಧಿ ಮೊಳಕೆ ಹಾಕಿ ಬೆಳೆಸಿದ್ದೆ. ಶುಕ್ರವಾರ ಯಾರೋ ಅದನ್ನು ಸೋರುವ ನಲ್ಲಿಯ ಕೆಳಗೆ ಇಟ್ಟು ಮನೆಗೆ ಹೋಗಿದ್ದರು. ಸೋಮವಾರ ಬಂದು ನೋಡಿದರೆ ಟ್ರೇ ತುಂಬ ನೀರು, ಸಸಿಗಳು ಮಾತ್ರ ಬಾಯಾರಿದ ಹಾಗೆ ಜೋತುಬಿದ್ದಿದ್ದವು. ಒಬ್ಬ ಹುಡುಗಿ ಕೇಳಿದಳು, "ನೀರಲ್ಲೇ ನಿಂತಿದೆಯಲ್ಲ ಮ್ಯಾಮ್, ಮತ್ತೆ ಯಾಕೆ ಬಾಡಿದೆ?" ಅದಕ್ಕೆ ಉತ್ತರ ಪುಸ್ತಕದಲ್ಲಿದೆ, ಹೇಳಿದೆ. ಮಣ್ಣಿನ ಕಣಗಳ ನಡುವೆ ಇರಬೇಕಾದ ಗಾಳಿಯನ್ನು ನೀರು ಹೊರಗೆ ತಳ್ಳುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದ ಬೇರು ಸುತ್ತಲೂ ನೀರಿದ್ದರೂ ಮೇಲೆ ಕಳಿಸಲಾರದು. ಆಗ ಎಲೆ ತನ್ನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದರೆ ಒಳಗೆ ಗಾಳಿ ಬರುವುದಿಲ್ಲ, ಬಿಸಿಲು ಬಿದ್ದರೂ ಎಲೆ ಆಹಾರ ತಯಾರಿಸಲಾರದು.

ಹುಡುಗಿ ತಲೆಯಾಡಿಸಿ ಇನ್ನೊಂದು ಕೇಳಿದಳು. "ಈಗ ನೀರು ಬಸಿದರೆ ಮತ್ತೆ ಮೊದಲಿನಂತೆ ಆಗುತ್ತಾ?"

ಗೊತ್ತಿಲ್ಲ ಎಂದೆ. ಹದಿನೈದು ವರ್ಷ ಪಾಠ ಮಾಡಿದವಳು ಅದನ್ನು ಯಾವತ್ತೂ ನೋಡಿರಲಿಲ್ಲ. ಟ್ರೇಯ ನೀರು ಚೆಲ್ಲಿ ಕಿಟಕಿಯ ಹತ್ತಿರ ಇಟ್ಟೆ. ಅರ್ಧ ಸಸಿ ಸತ್ತವು, ಅರ್ಧ ಎದ್ದವು. ಯಾವ ಅರ್ಧ, ಯಾಕೆ ಎಂಬುದೇ ನನ್ನ ವಿಷಯವಾಯಿತು.

ಇದನ್ನೆಲ್ಲ ಹೇಳಿದ ಮೇಲೆ ಮೇಡಂ ಅರೆಮನಸ್ಸಿನಿಂದ ಹೂಂ ಎಂದರು. "ಒಂದು ಸೀಸನ್ ಕೊಡ್ತೀನಿ. ಏನೂ ಬರದಿದ್ದರೆ ಭತ್ತ."

ಕಾಲೇಜಿನಲ್ಲಿ ಕುಂಡ ಇಡಲು ಜಾಗವಿರಲಿಲ್ಲ. ವೇಲಚೇರಿಯ ನಮ್ಮ ಫ್ಲ್ಯಾಟಿನ ತಾರಸಿಯೇ ಗತಿ. ಅಸೋಸಿಯೇಷನ್ನಿನ ಕಾರ್ಯದರ್ಶಿ ವಿಮಾ ಕಚೇರಿಯಿಂದ ನಿವೃತ್ತರಾದ ತಮಿಳರು, ಶಿಸ್ತಿನ ಮನುಷ್ಯ. ಅವರು ಒಪ್ಪಿದ್ದು ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತದೆ, ಲಿಫ್ಟಿನ ಪಕ್ಕದ ಬೋರ್ಡಿಗೆ ಅದು ಶೋಭೆ ಎಂದು. ಗಂಡ ಬ್ಯಾಂಕಿನಿಂದ ಬಂದವರು ಶರ್ಟು ಬದಲಿಸಿ ಮಣ್ಣಿನ ಚೀಲ ಹೊತ್ತರು. ಅತ್ತೆ ಮೊದಲ ದಿನವೇ ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು. ನವಲಗುಂದದ ಕಡೆ ಹುಟ್ಟಿ ಬೆಳೆದವರು. ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತ್ತು, ಹೊಲದ ಕೆಲಸ ಮದುವೆಯ ತನಕ ನಡೆದಿತ್ತು.

"ಎರಿ ಮಣ್ಣಲ್ಲ ಇದು. ಆದ್ರ ಅಂಟ್ತೇತಿ, ನೀರು ಹಿಡೀತೇತಿ. ನಡೀತೇತಿ ತಗೊ," ಎಂದರು.

ನಾನು ಹುಟ್ಟಿದ್ದು ಚೆನ್ನೈನಲ್ಲೇ. ಅಪ್ಪ ರೈಲ್ವೆಯಲ್ಲಿದ್ದರು. ನನ್ನ ಧಾರವಾಡದ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿರುತ್ತದೆ ಎಂದು ಅತ್ತೆ ನಗುತ್ತಾರೆ. ಗೋಧಿ ಹೊಲದಲ್ಲಿ ಕಾಲಿಟ್ಟವಳೂ ನಾನಲ್ಲ. ಆದರೂ ಬೀಜ ಹಾಕಿದ ಐದನೆಯ ದಿನ ಹದಿನಾರು ಕುಂಡಗಳಲ್ಲೂ ಹಸಿರು ಸೂಜಿಗಳು ಎದ್ದಾಗ ಇದು ನನ್ನ ಕೈಯಲ್ಲಿ ಆಗುತ್ತದೆ ಎಂದು ಖಚಿತವಾಯಿತು.

ಯೋಜನೆ ಸರಳ. ಎಂಟು ಕುಂಡಗಳಿಗೆ ಕೆಂಪು ಬಣ್ಣದ ಗುರುತು; ಮೂರು ಎಲೆ ಬಂದಾಗ ಅವನ್ನು ಒಂದು ವಾರ ನೀರಿನ ಟಬ್ಬಿನಲ್ಲಿ ಮುಳುಗಿಸಿಡುವುದು, ಮಣ್ಣಿನ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ. ಇನ್ನೆಂಟಕ್ಕೆ ನೀಲಿ ಗುರುತು. ಅವಕ್ಕೆ ಎಂದಿನಂತೆ ನೀರು. ಮುಳುಗಿದ್ದು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಹೇಳಬೇಕಾದರೆ ಪಕ್ಕದಲ್ಲಿ ಮುಳುಗದ್ದು ಇರಲೇಬೇಕು. ಆ ವಾರ ಯಾರೂ ಟಬ್ಬಿನ ನೀರು ಚೆಲ್ಲದಿರಲಿ ಎಂದು ತಮಿಳಿನಲ್ಲಿ ದಪ್ಪ ಅಕ್ಷರದ ಬೋರ್ಡು ಬರೆದು ತಾರಸಿಯ ಬಾಗಿಲಿಗೆ ತೂಗುಹಾಕಿದೆ: ಸಂಶೋಧನೆ ನಡೆಯುತ್ತಿದೆ, ದಯವಿಟ್ಟು ನೀರು ತೆಗೆಯಬೇಡಿ.

ಮುಳುಗಿಸಿದ ಮೇಲೆ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಕೆಂಪು ಕುಂಡಗಳ ಕೆಳಗಿನ ಎಲೆಯ ತುದಿ ಹಳದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಇಳಿಬೀಳುತ್ತಿದ್ದವು. ಗಿಡ ತನ್ನ ಹಳೆಯ ಎಲೆಯಲ್ಲಿದ್ದ ಸಾರವನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ಅದನ್ನು ದಿನಕ್ಕೆ ಒಂದು ಬೆರಳಿನಷ್ಟು ನಿಧಾನವಾಗಿ ಕಣ್ಣೆದುರು ನೋಡುವುದೇ ಬೇರೆ. ವಾರ ಮುಗಿದು ನೀರು ಬಸಿದ ಮೇಲೂ ಹಳದಿಯಾದ ಎಲೆ ಹಸಿರಾಗಲಿಲ್ಲ. ಆದರೆ ನಡುವಿನಿಂದ ಹೊಸದೊಂದು ಎಲೆ ಸುರುಳಿ ಬಿಚ್ಚಿತು. ಎಲೆಯ ಹಸಿರನ್ನು ಅಳೆಯುವ, ಬಟ್ಟೆಗೆ ಹಾಕುವ ಕ್ಲಿಪ್ಪಿನಂಥ ಚಿಕ್ಕ ಉಪಕರಣ ಕಾಲೇಜಿನಲ್ಲಿತ್ತು. ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಅಳೆದು ಬರೆದುಕೊಳ್ಳುತ್ತಿದ್ದೆ. ಎಲೆ ಎಷ್ಟು ಗಾಳಿ ಒಳಗೆಳೆದುಕೊಳ್ಳುತ್ತದೆ ಎಂದು ನೇರವಾಗಿ ಅಳೆಯುವ ದೊಡ್ಡ ಯಂತ್ರ ಬೇರೊಂದು ಸಂಸ್ಥೆಯಲ್ಲಿತ್ತು. ಜನವರಿ ಕೊನೆಯ ವಾರ ಮೂರು ದಿನ ಕೊಡುತ್ತೇವೆ, ದಿನ ಬದಲಿಸುವ ಹಾಗಿಲ್ಲ ಎಂದಿದ್ದರು.

ಪೊಂಗಲ್ಲಿಗೆ ಮುಂಚೆ ಹುಬ್ಬಳ್ಳಿಯಲ್ಲಿ ನನ್ನ ಭಾವನ ಮೊಮ್ಮಗುವಿನ ನಾಮಕರಣ. ಐದಾರು ದಿನ ಎಲ್ಲರೂ ಹೋದೆವು. ದಿನಕ್ಕೊಮ್ಮೆ ಕುಂಡಗಳಿಗೆ ಒಂದೊಂದು ಚೊಂಬು ನೀರು ಹಾಕಲು ವಾಚ್‌ಮನ್ನಿಗೆ ಹೇಳಿದ್ದೆ. ವಾಪಸು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದರೆ ರಸ್ತೆಯೆಲ್ಲ ಒದ್ದೆ. ಆಟೋದವನು ಹೇಳಿದ, ಕಾಲವಲ್ಲದ ಕಾಲದಲ್ಲಿ ನಾಲ್ಕು ದಿನ ಬಿಡದೆ ಸುರಿದಿದೆ ಎಂದು. ವೇಲಚೇರಿಯಲ್ಲಿ ನೀರು ನಿಲ್ಲುವುದು ಯಾರಿಗೂ ಹೊಸದಲ್ಲ. ಕಾರುಗಳನ್ನು ಆಗಲೇ ಮೇಲ್ಸೇತುವೆಗೆ ಸಾಗಿಸಿದ್ದರು. ನಾನು ಬ್ಯಾಗು ಬಾಗಿಲಲ್ಲೇ ಇಟ್ಟು ತಾರಸಿಗೆ ಹೋದೆ.

ನಲ್ಲಿ ಹತ್ತಿರವಿರಲಿ ಎಂದು ತಾರಸಿಯ ತಗ್ಗಿನ ಮೂಲೆಯಲ್ಲಿ ನಾನು ಕುಂಡಗಳನ್ನು ಜೋಡಿಸಿದ್ದೆ. ಆ ಮೂಲೆ ಕೆರೆಯಾಗಿತ್ತು. ಕೆಂಪು, ನೀಲಿ ಹದಿನಾರೂ ಕುಂಡಗಳ ಅಂಚು ನೀರಿನ ಕೆಳಗೆ. ನೀರಿನ ಮೇಲೆ ಬರೀ ಗೋಧಿಯ ತಲೆಗಳು ಕಾಣುತ್ತಿದ್ದವು.

ಕಾರ್ಯದರ್ಶಿ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. "ಯಾರನ್ನೂ ಮುಟ್ಟಗೊಡಲಿಲ್ಲ ಮೇಡಂ," ಎಂದರು. "ಕೊನೆಯ ಮಹಡಿಯವರ ಸೀಲಿಂಗ್ ಒದ್ದೆಯಾಯಿತು, ಅವರು ಜಗಳಕ್ಕೆ ಬಂದರು. ಸಂಶೋಧನೆ ನಡೀತಿದೆ, ನೀರು ತೆಗೆಯಬಾರದು, ಬೋರ್ಡ್ ಓದಿ ಅಂದೆ."

ಬೋರ್ಡು ಬಾಗಿಲಲ್ಲಿ ಇನ್ನೂ ತೂಗುತ್ತಿತ್ತು. ಮೊದಲ ವಾರ ಮುಗಿದಾಗ ತೆಗೆಯಬೇಕಿತ್ತು, ಮರೆತಿದ್ದೆ. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಮಳೆನೀರು ಹೊರಹೋಗುವ ಕೊಳವೆಯ ಬಾಯಿಗೆ ಕೈ ಹಾಕಿದೆ. ಮುಷ್ಟಿ ಮುಷ್ಟಿ ಮಣ್ಣು ಬಂತು, ಒಣಗಿದ ಗೋಧಿ ಎಲೆ ಬಂತು, ಕೊನೆಗೆ ಕುಂಡಕ್ಕೆ ಚುಚ್ಚಿದ್ದ ಪ್ಲಾಸ್ಟಿಕ್ ಲೇಬಲ್ಲು ಬಂತು. ಅದರ ಮೇಲೆ ನನ್ನದೇ ಅಕ್ಷರ. ಬೇರೆ ಯಾರನ್ನೂ ದೂರುವ ಹಾಗಿರಲಿಲ್ಲ. ಕೊನೆಯ ಮಹಡಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಅವರ ಸೀಲಿಂಗಿಗೆ ನಾವೇ ಬಣ್ಣ ಹೊಡೆಸಿಕೊಟ್ಟೆವು.

ಸ್ನಾನ ಕೂಡ ಮಾಡದೆ ಮೇಡಂಗೆ ಫೋನ್ ಮಾಡಿದೆ. ನೀರು ನಿಂತದ್ದನ್ನು ಬರೆಯದಿದ್ದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬಂದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ಅದಕ್ಕೇ ಅಷ್ಟು ಬೇಗ ಫೋನ್ ಮಾಡಿದ್ದು. ಒಮ್ಮೆ ಬಾಯಿಬಿಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ.

"ಮುಳುಗಬಾರದ ಕುಂಡಗಳೂ ಮುಳುಗಿದವಾ?"

"ಎಲ್ಲಾ ಮುಳುಗಿದವು ಮೇಡಂ."

"ಹಾಗಾದರೆ ಹೋಲಿಸೋಕೆ ಏನೂ ಉಳಿಯಲಿಲ್ಲ. ಈ ಸೀಸನ್ ಮುಗೀತು. ಯಂತ್ರ ಬೇಡ ಅಂತ ಅವರಿಗೆ ತಿಳಿಸಿಬಿಡು."

ನಾನು ತಿಳಿಸಲಿಲ್ಲ. ನಾಳೆ ತಿಳಿಸಿದರಾಯಿತು ಎಂದು ನಾಲ್ಕೈದು ದಿನ ತಳ್ಳಿದೆ. ಬೆಳಿಗ್ಗೆ ತಾರಸಿಗೆ ಹೋಗುವುದನ್ನೂ ಬಿಟ್ಟೆ. ಆ ವಾರ ತರಗತಿಯಲ್ಲಿ ನನ್ನ ದನಿ ನನಗೇ ಬೇಸರ ತರುತ್ತಿತ್ತು.

ಭಾನುವಾರ ಅತ್ತೆ ಎಳೆಬಿಸಿಲಿಗೆ ಕೂರಲು ಮೇಲೆ ಹೋದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ಯವ್ವಾ, ಸ್ವಲ್ಪ ಮ್ಯಾಲೆ ಬಾ." ಮಂಡಿ ನೋವೇನೋ ಎಂದು ಓಡಿದೆ. ಅವರು ಸ್ಟೂಲನ್ನು ಕುಂಡಗಳ ಎದುರಿಗೆ ಎಳೆದುಕೊಂಡು ಕೂತಿದ್ದರು.

"ಈ ಸಾಲಿಂದು ಬ್ಯಾರೆ ಬೀಜೇನ?"

"ಇಲ್ರೀ ಅತ್ತಿ. ಎಲ್ಲಾ ಒಂದ ಬೀಜ, ಒಂದ ದಿನ ಹಾಕಿದ್ದು."

"ಹಂಗಾರ ಇವು ಹಸರ ಅದಾವ, ಅವು ಯಾಕ ಹಳದಿ ತಿರುಗ್ಯಾವ?"

ನಾನು ನೋಡಿದೆ. ಒಂದು ಸಾಲು ಅರ್ಧದವರೆಗೆ ಹಳದಿ, ಎಲೆಗಳು ಜೋತುಬಿದ್ದಿದ್ದವು. ಪಕ್ಕದ ಸಾಲು ಕೆಳಗಿನ ಒಂದೊಂದು ಎಲೆ ಬಿಟ್ಟರೆ ಹಸಿರಾಗಿ ನೆಟ್ಟಗೆ ನಿಂತಿತ್ತು. ಕುಂಡ ತಿರುಗಿಸಿ ಗುರುತು ನೋಡಿದೆ. ಹಳದಿಯಾದದ್ದು ನೀಲಿ ಗುರುತಿನವು, ಹಿಂದೆಂದೂ ಮುಳುಗದೆ ಸುಖವಾಗಿ ಬೆಳೆದವು. ಹಸಿರಾಗಿ ನಿಂತದ್ದು ಕೆಂಪಿನವು, ತಿಂಗಳ ಹಿಂದೆ ನಾನೇ ಒಂದು ವಾರ ಮುಳುಗಿಸಿ ಕಾಡಿದ್ದವು. ಎಂಟಕ್ಕೆ ಎಂಟೂ ನೋಡಿದೆ. ಮತ್ತೊಮ್ಮೆ ಮೊದಲಿನಿಂದ ನೋಡಿದೆ.

"ಅತ್ತೀ, ಇವನ್ನ ನಾ ಮೊದಲ ಒಮ್ಮೆ ಮುಳುಗಿಸಿದ್ದೆ."

"ಕಿತ್ತು ನೋಡು ಬೇರ ಹೆಂಗ ಅದಾವಂತ."

"ಕೀಳಬಾರದ್ರಿ, ಅಳತಿ ಕೆಡ್ತೇತಿ."

"ಎಲ್ಲಾ ಕೆಟ್ಟೇತಂತ ವಾರದಿಂದ ಮಾರಿ ಸಣ್ಣ ಮಾಡ್ಕೊಂಡು ಕುಂತೀದಿ. ಇನ್ನೇನು ಕೆಡ್ತೇತಿ? ಒಂದ ಕೀಳು."

ನೀಲಿ ಸಾಲಿನ ಒಂದು ಗಿಡ ಕಿತ್ತೆ. ಬೇರು ಕಂದಾಗಿತ್ತು, ಹಿಡಿದರೆ ಸಿಪ್ಪೆ ಕಳಚುತ್ತಿತ್ತು, ಕೊಳೆತ ನಾತ. ಕೆಂಪಿನದೊಂದು ಕಿತ್ತೆ. ಹಳೆಯ ಬೇರುಗಳು ಅದರಲ್ಲೂ ಕಂದಾಗಿದ್ದವು. ಆದರೆ ಕಾಂಡದ ಬುಡದಿಂದ, ಮಣ್ಣಿನ ಮೇಲ್ಪದರದಲ್ಲೇ, ಶಾವಿಗೆಯಂಥ ದಪ್ಪನೆಯ ಬಿಳಿ ಬೇರುಗಳು ಸುತ್ತಲೂ ಇಳಿದಿದ್ದವು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು.

"ನಮ್ಮ ಹೊಲದಾಗ ತಡಾ ಮಳಿ ಹಿಡದ್ರ ನಮ್ಮಪ್ಪ ಹಿಂಗ ಒಂದ ಕಿತ್ತು ನೋಡ್ತಿದ್ದ. ಬಿಳಿ ಬೇರು ಕಂಡ್ರ ಬಿಡ್ತಿದ್ದ. ಕಾಣಲಿಲ್ಲ ಅಂದ್ರ ಗೋದಿ ಕೆಡಿಸಿ ಹೊಲ ಹರಗಿ ಕಡ್ಲಿ ಹಾಕ್ತಿದ್ದ."

"ಇದನ್ನ ಮೊದಲ ಯಾಕ ಹೇಳ್ಲಿಲ್ರೀ?"

"ನೀ ಕೇಳಿದ್ದೇನ?"

ಸೋಮವಾರ ಕಾಲೇಜಿನಲ್ಲಿ ಆ ಬಿಳಿ ಬೇರನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಳಗೆಲ್ಲ ದೊಡ್ಡ ದೊಡ್ಡ ಖಾಲಿ ಜಾಗ. ಮೇಲಿನಿಂದ ಗಾಳಿ ಕೆಳಗಿಳಿಯಲು ಗಿಡ ತನ್ನೊಳಗೇ ಕೊಳವೆ ಮಾಡಿಕೊಂಡಿತ್ತು. ಮೊದಲ ಸಲ ಮುಳುಗಿದಾಗ ಮಾಡಿಕೊಂಡದ್ದು ಎರಡನೆಯ ಸಲಕ್ಕೆ ಸಿದ್ಧವಾಗಿತ್ತು. ಸುಖವಾಗಿದ್ದ ಗಿಡಗಳಿಗೆ ಆ ಹೊತ್ತಿಗೆ ಅಂಥದ್ದೇನೂ ಇರಲಿಲ್ಲ.

ಎರಡೂ ಬಗೆಯ ಒಂದೊಂದು ಗಿಡವನ್ನು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ವೇಲಚೇರಿಯಿಂದ ಲೋಕಲ್ ರೈಲು ಹಿಡಿದು ಮೈಲಾಪೂರಿನಲ್ಲಿರುವ ಮೇಡಂ ಮನೆಗೆ ಹೋದೆ. ರೈಲಿನಲ್ಲಿ ಪಕ್ಕದ ಹೆಂಗಸು ಅದೇನು ಸೊಪ್ಪು ಎಂದು ಕೇಳಿದಳು. ಮೇಡಂ ಬೇರುಗಳನ್ನು ಬಿಳಿ ತಟ್ಟೆಯಲ್ಲಿ ಹರಡಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಾಫಿ ಆರಿಹೋಯಿತು.

"ಒಂದು ತಾರಸಿ, ಒಂದು ಆಕಸ್ಮಿಕ. ಇದು ಫಲಿತಾಂಶ ಅಲ್ಲ," ಎಂದರು.

"ಗೊತ್ತು ಮೇಡಂ. ಇದು ಪ್ರಶ್ನೆ. ಮುಂದಿನ ವರ್ಷ ಸರಿಯಾಗಿ ಕೇಳ್ತೀನಿ. ಈಗ ಆ ಯಂತ್ರ ಬರಲಿ, ನಿಂತಿರೋ ಗಿಡಗಳಲ್ಲಿ ಏನಿದೆ ಅಂತ ನೋಡಿಟ್ಟುಕೊಳ್ತೀನಿ."

"ಯಂತ್ರ ಬೇಡ ಅಂತ ತಿಳಿಸು ಅಂದಿದ್ದೆನಲ್ಲ?"

"ತಿಳಿಸಿಲ್ಲ."

ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಯಂತ್ರ ಬಂದ ಮೂರು ದಿನವೂ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ತಾರಸಿಯಲ್ಲಿ ಕೂತೆ. ಗಾಜಿನ ಪುಟ್ಟ ಪೆಟ್ಟಿಗೆಯಲ್ಲಿ ಎಲೆಯ ಒಂದು ಭಾಗವನ್ನು ಸಿಕ್ಕಿಸಿ ಮುಚ್ಚಿದರೆ ಅದು ಎಷ್ಟು ಗಾಳಿ ಎಳೆಯಿತು ಎಂದು ಪರದೆಯ ಮೇಲೆ ಅಂಕಿ ಬರುತ್ತದೆ. ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾಯಬೇಕು, ನಮ್ಮ ಉಸಿರಿನಿಂದಲೂ ಲೆಕ್ಕ ತಪ್ಪುತ್ತದೆ. ಹಳದಿ ಸಾಲಿನ ಎಲೆಗಳಲ್ಲಿ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ತೆವಳಿತು. ಹಸಿರು ಸಾಲಿನಲ್ಲಿ ಏರಿತು. ಇನ್ನೊಂದು ವಿಷಯವೂ ಕಂಡಿತು. ಎರಡು ಸಾಲಿನಲ್ಲೂ ಒಮ್ಮೆ ಹಳದಿಯಾದ ಎಲೆ ಮತ್ತೆ ಕೆಲಸಕ್ಕೆ ಬರಲಿಲ್ಲ. ನೀರು ಬಸಿದ ಮೇಲೆ ರಂಧ್ರ ತೆರೆದರೂ ಒಳಗಿನ ಹಸಿರು ಕೆಟ್ಟಿತ್ತು. ಚೇತರಿಕೆ ಎಂಬುದೆಲ್ಲ ಹೊಸ ಎಲೆಯಲ್ಲಿ, ಹೊಸ ಬೇರಿನಲ್ಲಿ ನಡೆಯುತ್ತಿತ್ತು. ನಾನು ಅಲ್ಲಿಯ ತನಕ ಹಳೆಯ ಎಲೆಯನ್ನೇ ಅಳೆಯುತ್ತಿದ್ದೆ.

ಮುಂದಿನ ವರ್ಷ ಕಾಲೇಜಿನ ಹಿಂಭಾಗದಲ್ಲಿ ಜಾಗ ಸಿಕ್ಕಿತು. ಈ ಸಲ ನಾಲ್ಕು ಗುಂಪು ಮಾಡಿದೆ: ಎಂದೂ ಮುಳುಗದ್ದು, ಎಳೆತನದಲ್ಲಿ ಮಾತ್ರ ಮುಳುಗಿದ್ದು, ದೊಡ್ಡದಾದ ಮೇಲೆ ಮಾತ್ರ ಮುಳುಗಿದ್ದು, ಎರಡು ಸಲವೂ ಮುಳುಗಿದ್ದು. ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ, ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿದೆ. ತಾರಸಿಯಲ್ಲಿ ಕಂಡದ್ದು ಮತ್ತೆ ಕಂಡಿತು. ಎರಡು ಸಲ ಮುಳುಗಿದವು ಎರಡನೆಯ ಸಲ ಚೆನ್ನಾಗಿ ತಡೆದುಕೊಂಡವು. ಆದರೆ ಎಳೆತನದಲ್ಲಿ ಒಂದರ ಬದಲು ಎರಡು ವಾರ ಮುಳುಗಿಸಿದ ಕೆಲವು ಕುಂಡಗಳು ಆಮೇಲೆ ಏಳಲೇ ಇಲ್ಲ. ಅದನ್ನೂ ಪ್ರಬಂಧದಲ್ಲಿ ಅಷ್ಟೇ ದಪ್ಪವಾಗಿ ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಧಾರವಾಡ ಕಡೆಯ ಕೃಷಿ ವಿಜ್ಞಾನಿ, ಗೋಧಿಯಲ್ಲೇ ಕೂದಲು ಬೆಳ್ಳಗಾದವರು. ಅವರು ಕೇಳಿದ್ದು ಇಷ್ಟು: "ಹಾಗಾದರೆ ರೈತ ಬೇಕಂತಲೇ ಒಂದು ಸಲ ಹೊಲದಲ್ಲಿ ನೀರು ನಿಲ್ಲಿಸಬೇಕು ಅಂತೀರಾ?"

"ಇಲ್ಲ ಸರ್. ಬಸಿಗಾಲುವೆ ತೆಗೆಯೋದೇ ಮೊದಲ ಕೆಲಸ. ತಾನಾಗಿ ಒಮ್ಮೆ ನೀರು ನಿಂತು ಹೋಗಿದ್ದರೆ, ಹಳದಿ ಎಲೆ ನೋಡಿ ಅವಸರದಲ್ಲಿ ಹರಗಬೇಡಿ, ಬುಡದಲ್ಲಿ ಹೊಸ ಬೇರು ಇದೆಯಾ ನೋಡಿ ಅಂತ ಹೇಳ್ತೀನಿ. ಅಷ್ಟು ಮಾತ್ರ ನನಗೆ ಗೊತ್ತು."

"ಕಾಳಿನ ಕಥೆ?"

"ಚೆನ್ನೈನ ಬಿಸಿಲಲ್ಲಿ ಕಾಳು ಸರಿಯಾಗಿ ಕಟ್ಟಲ್ಲ ಸರ್. ಅದರ ಬಗ್ಗೆ ನಾನು ಏನೂ ಹೇಳಲಾರೆ."

ಮೇಡಂ ಪಕ್ಕದಲ್ಲೇ ಕೂತಿದ್ದರು. ಹೇಳಲಾರೆ ಎಂದು ಅಷ್ಟು ಧೈರ್ಯವಾಗಿ ಹೇಳಿದ್ದು ಅವರಿಗೆ ಬಹಳ ಹಿಡಿಸಿತು ಎಂದು ಆಮೇಲೆ ತಿಳಿಯಿತು. ಪರೀಕ್ಷಕರು ಫೈಲು ಮುಚ್ಚಿ, "ನಮ್ಮಲ್ಲಿ ಎರಡು ಗುಂಟೆ ಕೊಡ್ತೀನಿ. ಬಂದು ಹಾಕಿ, ಹೇಳೋ ಹಾಗೆ ಮಾಡಿಕೊಳ್ಳಿ," ಎಂದರು.

ಹೋದೆ. ಕಾಲೇಜಿಗೆ ರಜೆ ಹಾಕಿ, ತಿಂಗಳಿಗೊಮ್ಮೆ ಚೆನ್ನೈಗೆ ಬಂದು ಹೋಗುತ್ತಾ, ಒಂದು ಹಿಂಗಾರು ಪೂರ್ತಿ ಆ ಎರಡು ಗುಂಟೆಯಲ್ಲಿ ಕಳೆದೆ. ಅದೇ ನಾಲ್ಕು ಗುಂಪಿಗೆ ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಭಾಗ ಮಾಡಿದ್ದೆ. ಅತ್ತೆ ತಮ್ಮ ತಂಗಿಯ ಮನೆಯಲ್ಲಿ ಉಳಿದುಕೊಂಡು ವಾರಕ್ಕೊಮ್ಮೆ ಹೊಲಕ್ಕೆ ಬರುತ್ತಿದ್ದರು, ಬದುವಿನ ಮೇಲೆ ಕೂತು ಕೂಲಿಯವರಿಗೆ ನನಗಿಂತ ಜೋರಾಗಿ ಕೆಲಸ ಹೇಳುತ್ತಿದ್ದರು. ಸುಗ್ಗಿಯ ದಿನ ಒಂದೊಂದು ಮಡಿಯ ಕಾಳನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ತೂಗಿದೆವು. ಎರಡು ಸಲ ಮುಳುಗಿದ ಮಡಿಗಳ ಕಾಳು, ತಡವಾಗಿ ಒಂದೇ ಸಲ ಮುಳುಗಿದವುಗಳಿಗಿಂತ ಹೆಚ್ಚು ತೂಗಿತು. ಎಂದೂ ಮುಳುಗದ ಮಡಿಗಳಷ್ಟು ತೂಗಲಿಲ್ಲ. ನಾನು ಬಯಸಿದಷ್ಟು ವ್ಯತ್ಯಾಸವೂ ಅಲ್ಲ.

"ಎಷ್ಟ ಬಂತು?" ಎಂದರು ಅತ್ತೆ.

ಬಂದಷ್ಟನ್ನು ಹೇಳಿದೆ. ಬಂದಷ್ಟನ್ನೇ ಬರೆದೆ.